444 ಹಾಕಿದ ಫೈಲೂ ಅಳಿಸ್ತಾರ, ಯಾರಿಗಾದ್ರೂ ಹಿಂಗ ಆಗ್ಯದೇನ್ರಿ?

ರಾಯಚೂರಾಗ ನಮ್ದು ಡಿಟಿಪಿ ಅಂಗಡಿ. ಒಂದ ಉಬುಂಟು ಮಷೀನು, ಮೂರು ಹುಡುಗ್ರಿಗೆ ಬ್ಯಾರೆ ಬ್ಯಾರೆ ಲಾಗಿನ್, ಕೆಲ್ಸ ಎಲ್ಲ ಒಂದ ಶೇರ್ಡ್ ಫೋಲ್ಡರ್‌ನ್ಯಾಗ. ಲಗ್ನಪತ್ರಿಕಿ ಫೈಲಿಗೆ 444 ಪರ್ಮಿಷನ್ (ಎಲ್ಲಾರೂ ಓದಬಹುದು, ಬರಿಯೋ ಹಕ್ಕಿಲ್ಲ) ಹಾಕಿದ್ದೆ, ಆದ್ರೂ ಒಬ್ಬಾಂವ ಅಳಿಸ್ಯಾನ. ಹ್ಯಾಂಗ ತಡಿಬೇಕು?

ಗಂಗಾವತಿ ಮಿಲ್: ನನ್ ಕಥಿ ಕೇಳ್ರಿ. ಲೆಕ್ಕದ ಫೈಲು ರೂಟ್ (ಮಷೀನಿನ ಮುಖ್ಯ ಖಾತೆ) ಹೆಸರಿಗೆ ಮಾಡಿ 400, ಅಂದ್ರ ಮಾಲೀಕಗ ಓದಾಕಷ್ಟ, ಕೊಟ್ಟು ಮೀಸಿ ತಿರುವ್ಕೊಂಡ್ ಕುಂತಿದ್ದೆ. ಹೊಸ ಹುಡುಗ ಅಳಿಸೋ ಕಮಾಂಡ್ ಆರ್‌ಎಂ ಹೊಡ್ದ, ರೈಟ್ ಪ್ರೊಟೆಕ್ಟೆಡ್ ಐತಿ ತಗೀಲೇನು ಅಂತ ಕೇಳ್ತು, ವೈ ಒತ್ತಿದ, ಹೋತು. ಅಳಿಸೋದಂದ್ರ ಫೋಲ್ಡರ್‌ನ್ಯಾಗಿನ ಹೆಸರು ಕಿತ್ತೋದು, ಫೋಲ್ಡರ್‌ಗೆ ಬರಿಯೋ ಹಕ್ಕಿದ್ದಾಂವಗ ಫೈಲಿನ 400, 444 ಯಾವ್ದೂ ಲೆಕ್ಕಕ್ಕಿಲ್ಲ. 640 ತೂಕದ ಚೀಟಿ ಮತ್ತ ಟೈಪ್ ಮಾಡ್ಸೀನಿ, 4,500 ರೂಪಾಯಿ, ಚಾ ಮಂಡಕ್ಕಿ ಬ್ಯಾರೆ, ಎರಡು ಚೀಟಿ ಇವತ್ತಿಗೂ ಸಿಕ್ಕಿಲ್ಲ. ಆಮ್ಯಾಲ ಫೋಲ್ಡರ್‌ಗೆ ಸ್ಟಿಕಿ ಬಿಟ್ (ಒಬ್ಬರ ಫೈಲು ಇನ್ನೊಬ್ಬರು ಅಳಿಸದಂಗ ತಡಿಯೋ ಗುರುತು) ಹಾಕ್ದೆ, ಟೆಂಪ್ ಫೋಲ್ಡರ್‌ಗೆ 1777 ಇರ್ತೈತಲ್ಲ ಹಂಗ, ಮುಂದಿನ 1 ಅಂದ್ರ ಸ್ಟಿಕಿ. ಮುಗೀತು.

ಸಿಂಧನೂರು: ಏನ್ ಮುಗೀತು? ಫೈಲು 664 (ಮಾಲೀಕ, ಗ್ರೂಪಿನೋರು ಇಬ್ಬರೂ ಬರೀಬಹುದು) ಇದ್ರ ಗ್ರೂಪಿನಾಂವ ಅಳಿಸದ ಒಳಗಿಂದೆಲ್ಲ ಖಾಲಿ ಮಾಡ್ತಾನ, ಹೆಸರು ಹಂಗ ಇರ್ತದ, ಸೈಜ್ ಸೊನ್ನಿ. ನಾನು ಫೈಲಿಗೆ ಬೀಗ ಜಡಿಯೋ ಕಮಾಂಡ್ ಚಾಟ್ರ್ ಪ್ಲಸ್ ಐ ಹಾಕೀನಿ, ತಗಿಯೋತನಕ ರೂಟ್‌ಗೂ ಅಳಿಸಾಕ ಬರಲ್ಲ.

ಗಂಗಾವತಿ ಮಿಲ್: ಹಾಕಿದ್ದು ಮರ್ತು ಡಿಸ್ಕ್ ಕೆಟ್ಟದ ಅಂತ ಹೊಸಾದು ತಂದಾಂವ ನೀನ ಅಲ್ಲೇನಪಾ?

ಸಿಂಧನೂರು: ಹೌದು ತಂದೀನಿ, 3,200 ಕೊಟ್ಟೀನಿ, ನಿನ್ನ ರೊಕ್ಕ ಅಲ್ಲಲ್ಲ? ರಾತ್ರಿ ಎರಡಕ್ಕ ಸುಡೊ (ರೂಟ್ ಹಕ್ಕಿನ್ಯಾಗ ನಡಸೋದು) ಹಾಕಿದ್ರೂ ಆಪರೇಷನ್ ನಾಟ್ ಪರ್ಮಿಟೆಡ್ ಅಂದ್ರ ಯಾರಿಗೆ ತಲಿ ನಿಲ್ತದ? ಆ ಬೀಗ ತೋರ್ಸೋ ಎಲ್‌ಎಸ್‌ಆಟ್ರ್ ಕಮಾಂಡ್ ಹೊಡ್ದಾಗ ಗೆರಿಗಳ ನಡುವ ಒಂದ ಐ ಕಂಡಿತು. ಕಾಲುವಿ ನೀರು ಮ್ಯಾಲ ಕುಡ್ದು ಕೆಳಗಿನೋರಿಗೆ ಬುದ್ಧಿ ಹೇಳೋದು ನಿಮ್ಮೂರಿಂದು ಹಳೇ ಚಾಳಿ.

ಗಂಗಾವತಿ ಮಿಲ್: ನೀರಿನ ಮಾತು ಯಾಕ ತಂದಿ? ನಮ್ಮ ಹೊಲಾನೂ ಒಣಗ್ಯಾವ. ಸೋನಾ ಮಸೂರಿ ಎಲ್ಲಿ ಚೊಲೋ ಅಂತ ಪ್ಯಾಟ್ಯಾಗ ಕೇಳ್ಹೋಗು.

ಬಳ್ಳಾರಿ ಜೀನ್ಸ್: ಭತ್ತ ಆಮೇಲೆ ಮಾರ್ಕೊಳ್ರಿ. ನಾನೂ ಸ್ಟಿಕಿ ಹಾಕಿದ್ದೆ, ಆದ್ರೂ 38 ಪ್ಯಾಟರ್ನ್ ಫೈಲ್ ಹೋದ್ವು, ವಾರಪೂರ್ತಿ ಕಟಿಂಗ್ ಮಾಸ್ಟರ್ ಮುಖ ನೋಡಕ್ಕಾಗ್ಲಿಲ್ಲ. ಸ್ಟಿಕಿ ಇದ್ರೂ ಫೈಲ್ ಮಾಲೀಕ, ಫೋಲ್ಡರ್ ಮಾಲೀಕ, ರೂಟ್ ಮೂರು ಜನಕ್ಕೂ ಅಳಿಸೋಕೆ ಬರುತ್ತೆ. ನಮ್ಮಲ್ಲಿ ಫೋಲ್ಡರ್ ಮಾಡಿದವನೇ ಕಳ್ಳ. ರಾಯಚೂರು ಅಣ್ಣ, ಎಲ್‌ಎಸ್ ಮೈನಸ್ ಎಲ್‌ಡಿ ಹೊಡ್ದು ನಿಮ್ ಫೋಲ್ಡರ್ ಯಾರ ಹೆಸ್ರಲ್ಲಿ ಐತೆ ನೋಡ್ರಿ.

ರಾಯಚೂರು ಡಿಟಿಪಿ: ನೋಡ್ದೆ ರೀ. 777 (ಎಲ್ಲಾರಿಗೂ ಎಲ್ಲ ಹಕ್ಕು) ಅದ, ಕಡೀಕ ಸ್ಟಿಕಿ ತೋರ್ಸೋ ಟಿ ಇಲ್ಲ. ಫೋಲ್ಡರ್ ಇರೋದು ಆ ಅಳಿಸಿದ ಹುಡುಗನ ಹೆಸರಿಗೆ.