ಸಹಾಯ ಬೇಕು: ಮನೆಯಲ್ಲೇ ರೊಟ್ಟಿ ಮಾಡಿ ಮಾರಲು ಲೈಸೆನ್ಸ್

ಅಕ್ಕಾರೆ, ಅಣ್ಣಾರೆ, ನಮಸ್ಕಾರ. ಕಲಬುರಗಿಯ ವಸತಿ ಬಡಾವಣೆಯಲ್ಲಿ ನಮ್ಮ ಸ್ವಂತ ಮನೆ ಇದೆ. ಅತ್ತಿಗೆ ಮತ್ತು ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡಿ ಮಾರುತ್ತೇವೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿದೆ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಕೇಳಲು ಹೊರಟರೆ ಏಜೆಂಟ್ ಒಬ್ಬರು, ‘ವಸತಿ ಜಾಗ ಅದ, ಮೊದಲು ವಾಣಿಜ್ಯಕ್ಕೆ ಬದಲಿಸಿಕೊಳ್ರಿ’ ಅಂತಾರೆ. ಎರಡು ಒಲೆಗೆ ಇಡೀ ಮನೆ ಬದಲಿಸಬೇಕಾ? ನನಗಂತೂ ನಂಬಿಕೆ ಇಲ್ಲ. ಬೋರ್ಡ್ ಹಾಕಿಲ್ಲ, ಆರ್ಡರ್ ಎಲ್ಲ ಫೋನಲ್ಲೇ.

ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನ್‌ನಲ್ಲಿ ವಸತಿ ವಲಯಕ್ಕೆ ಯಾವ ಕೆಲಸಕ್ಕೆ ಅವಕಾಶ ಅಂತ ಬರೆದಿರುತ್ತದಲ್ಲ, ಯಾರಾದರೂ ನೋಡಿದ್ದೀರಾ?

ರೊಟ್ಟಿ ಮಷಿನ್ ತರುವ ಯೋಚನೆಯೂ ಇದೆ. ಮನೆ ಮೀಟರ್‌ನಲ್ಲಿ ವ್ಯಾಪಾರ ನಡೆಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರ ಹಾಕಬಹುದು. ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಬೇರೆ ಮೀಟರ್ ತಗೊಂಡವರು ಯಾವ ಕಾಗದ ಕೊಟ್ಟಿರಿ, ಹೇಳ್ರಿ. ಏಜೆಂಟರ ನಂಬರ್ ಮಾತ್ರ ಬೇಡ.