ನೀರು ನಿಂತ ಓಕ್ ಕಾಡಿನಲ್ಲಿ ಮರೆಮಾಚುವ ಉಡುಪಿನ ಛಾಯಾಗ್ರಹಣ

ಪ್ರಶ್ನೆ: ಅಮೆರಿಕದ ಅರ್ಕನ್ಸಾಸ್‌ನಲ್ಲಿ, ಸ್ಟಟ್‌ಗಾರ್ಟ್ ಸುತ್ತಲಿನ ನೀರು ನಿಂತ ಕಾಡಿನಲ್ಲಿ ಬಾತು ಬೇಟೆಗಾರರು ತೊಡುವ ಕ್ಯಾಮೊಫ್ಲಾಜ್ ಉಡುಪುಗಳನ್ನು ಹೋಲಿಸಿ ತೋರಿಸುವ ಚಿತ್ರಗಳು ಬೇಕಾಗಿವೆ. ನನ್ನ ಚಿತ್ರಗಳಲ್ಲಿ ಬಟ್ಟೆಯೇ ಎದ್ದು ಕಾಣುತ್ತಿದೆ. ಅನುಭವವಿದ್ದವರು ತಿಳಿಸಬೇಕು.

ಒಂದು ಉತ್ತರ: ವಿನ್ಯಾಸಕ್ಕಿಂತ ಮೊದಲು ಮನುಷ್ಯ ನಿಂತಿರುವ ಜಾಗವನ್ನು ನೋಡಿ. ಅಲ್ಲಿನ ಬೇಟೆಗಾರರು ಬಯಲಿನಲ್ಲಿ ನಿಲ್ಲದೆ, ಓಕ್ ಮರದ ಕಾಂಡಕ್ಕೆ ಮೈಯಾನಿಸಿ, ನೆರಳು ಬೀಳುವ ಮಗ್ಗುಲಲ್ಲಿ ನಿಲ್ಲುತ್ತಾರೆ. 1986ರಲ್ಲಿ ಬಂದ ಮಾಸಿ ಓಕ್ ಕಂಪನಿಯ ಬಾಟಮ್‌ಲ್ಯಾಂಡ್‌ನಂಥ ಕಂದು ಛಾಯೆಯ ವಿನ್ಯಾಸವು ಕೆಲಸ ಮಾಡುವುದು ಆ ನೆರಳಿನಲ್ಲೇ ಹೊರತು ನೇರ ಬಿಸಿಲಿನಲ್ಲಲ್ಲ. ಆದ್ದರಿಂದ ಫ್ಲ್ಯಾಶ್ ಬೇಡವೇ ಬೇಡ.

ಎಲೆಯುದುರಿದ ಕೊಂಬೆಗಳ ನಡುವಿನ ಬಿಳಿ ಆಕಾಶ ಮತ್ತು ನೀರಿನಲ್ಲಿ ಕಾಣುವ ಅದರ ಪ್ರತಿಬಿಂಬ, ಇವೆರಡೂ ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರನ್ನು ದಾರಿ ತಪ್ಪಿಸುವುದರಿಂದ ಬಟ್ಟೆ ಬರೀ ಕಪ್ಪಾಗಿ ಮೂಡುತ್ತದೆ. ಚಿತ್ರದ ಒಂದು ಸಣ್ಣ ಭಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ನೆರಳಿನ ತೊಗಟೆಯ ಮೇಲೆ ಇಟ್ಟು ಅಳೆದು, ಎಕ್ಸ್‌ಪೋಶರನ್ನೂ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ವೈಟ್ ಬ್ಯಾಲೆನ್ಸನ್ನೂ (ಬಣ್ಣಗಳ ಹೊಂದಾಣಿಕೆ) ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ, ಎಲ್ಲ ಉಡುಪುಗಳಿಗೂ ಅದನ್ನೇ ಬಳಸಿ. ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ನೀರಿನ ಪ್ರತಿಬಿಂಬವನ್ನು ಅಳಿಸುವ ಪೋಲರೈಸರ್ ಫಿಲ್ಟರನ್ನು ಪೂರ್ತಿ ತಿರುಗಿಸಬೇಡಿ. ಕಾಂಡಗಳ ಉದ್ದ ಗೆರೆಗಳು ನೀರಿನೊಳಗೂ ಮುಂದುವರಿದಂತೆ ಕಂಡಾಗಲೇ ಮನುಷ್ಯನ ಆಕಾರ ಅವುಗಳ ನಡುವೆ ಕರಗುತ್ತದೆ.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ಗಮನಿಸಿ: ನೀರಿಗೆ ತಾಗಿದ ತೊಗಟೆ ಗಾಢ ಬಣ್ಣಕ್ಕೆ ತಿರುಗಿರುತ್ತದೆ, ಅದರ ಮುಂದೆ ಒಣ ಜಾಕೆಟ್ಟು ಸುಣ್ಣ ಬಳಿದಂತೆ ಬಿಳಚಿಕೊಳ್ಳುತ್ತದೆ. ತೋಳು, ಹೆಗಲುಗಳನ್ನು ಒದ್ದೆ ಮಾಡಿಸಿ. ಮುಖ ಮತ್ತು ಅಂಗೈಗಳನ್ನು ಮುಚ್ಚಿಸದಿದ್ದರೆ ಎಷ್ಟೇ ಒಳ್ಳೆಯ ಬಟ್ಟೆಯಿದ್ದರೂ ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಮತ್ತೊಂದು ಉತ್ತರ: ಮೇಲಿನದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎದುರಿನಿಂದ, ಕಣ್ಣಿನ ಮಟ್ಟದಲ್ಲಿ ತೆಗೆದ ಚಿತ್ರವನ್ನೇ ಪುರಾವೆ ಎನ್ನುವುದು ಸರಿಯಲ್ಲ. ಬಾತುಗಳು ಮರದ ತುದಿಗಳ ಮೇಲೆ ಸುತ್ತು ಹಾಕಿ ಕೆಳಗೆ ನೋಡುತ್ತವೆ. ಸಾಧ್ಯವಿದ್ದರೆ ಎತ್ತರದಿಂದಲೂ ಒಂದು ಚಿತ್ರ ತೆಗೆಯಿರಿ. ನಮಗೆ ಕಾಣದ ನೇರಳಾತೀತ ಬೆಳಕೂ ಅವುಗಳಿಗೆ ಕಾಣುತ್ತದೆ, ಸಾಮಾನ್ಯ ಕ್ಯಾಮೆರಾದ ಸೆನ್ಸರಿನ ಮುಂದಿರುವ ಫಿಲ್ಟರು ಅದನ್ನು ಬಹುಪಾಲು ತಡೆಯುತ್ತದೆ. ಬಟ್ಟೆಯನ್ನು ನೇರಳಾತೀತ ಬೆಳಕಿನಲ್ಲಿ ಹೊಳೆಯುವಂತೆ ಮಾಡುವ, ಹೊಳಪು ಕೊಡುವ ಡಿಟರ್ಜೆಂಟಿನಲ್ಲಿ ಒಗೆದ ಜಾಕೆಟ್ಟು ಚಿತ್ರದಲ್ಲಿ ತೊಗಟೆಯೊಂದಿಗೆ ಬೆರೆತಂತೆ ಕಂಡರೂ ಹಕ್ಕಿಗೂ ಹಾಗೆಯೇ ಕಂಡೀತೆಂದು ಹೇಳಲಾಗದು. ಇದನ್ನು ಅಡಿಬರಹದಲ್ಲಿ ತಿಳಿಸಿಬಿಡಿ.