ಸಿಗ್ನಲ್‌ನಲ್ಲಿ ಪೆನ್ನು ಮಾರುವ ಮಗು: 1098ಕ್ಕೆ ತಿಳಿಸಿದರೆ ತಾಯಿಯಿಂದ ದೂರವಾಗುವುದೇ?

ಪ್ರಶ್ನೆ:
ಬೆಂಗಳೂರಿನಲ್ಲಿ ನಾನು ದಿನವೂ ಹಾದುಹೋಗುವ ಸಿಗ್ನಲ್ಲೊಂದರಲ್ಲಿ ಸುಮಾರು ಎಂಟು ವರ್ಷದ ಹುಡುಗಿಯೊಬ್ಬಳು ಪುಟ್ಟ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಪೆನ್ನು ಮಾರುತ್ತಾಳೆ. ಮೇಲ್ಸೇತುವೆಯ ಕಂಬದ ನೆರಳಿನಲ್ಲಿ ಕೂರುವ ತಾಯಿ ಯಾದಗಿರಿ ಕಡೆಯಿಂದ ಗುಳೆ ಬಂದವರು. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸೋಣವೆಂದರೆ, ಮಗುವನ್ನು ಬಾಲಮಂದಿರಕ್ಕೆ ಸೇರಿಸಿಬಿಟ್ಟರೆ ಆ ತಾಯಿಯ ಗತಿಯೇನು ಎಂಬ ಅಳುಕು. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಮಕ್ಕಳ ರಕ್ಷಣೆಯ ಕಾರ್ಯಕರ್ತ):
ಅಳುಕು ಸಹಜ, ಆದರೆ ಸುಮ್ಮನಿರಬೇಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಬದುಕುವ ಅಥವಾ ಭಿಕ್ಷೆ ಬೇಡುವ ಮಗು ಅಪರಾಧಿಯಲ್ಲ, ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು. ಅಂಥ ಮಗುವನ್ನು ಕರೆದೊಯ್ದವರು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮನೆಯ ಪರಿಸ್ಥಿತಿ ವಿಚಾರಿಸಿಯೇ ತೀರ್ಮಾನಿಸಬೇಕು. ಬಾಲಮಂದಿರದಂಥ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ, ಮನೆಯಲ್ಲೇ ಉಳಿದು ಓದಲೆಂದು, ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಹತ್ತಾರು ಮಕ್ಕಳನ್ನು ಒಮ್ಮೆಲೇ ವಾಹನಕ್ಕೆ ತುಂಬಿಸುವ ಕಾರ್ಯಾಚರಣೆಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಮನೆಯ ಹಸಿವು ಹಾಗೇ ಉಳಿದರೆ ಮಗು ಮತ್ತೊಂದು ಸಿಗ್ನಲ್‌ಗೆ ಹೋಗಿ ನಿಲ್ಲುತ್ತದೆ.

ಉತ್ತರ 2 (ಸರ್ಕಾರಿ ಶಾಲೆಯ ಶಿಕ್ಷಕಿ):
ಜನನ ಪ್ರಮಾಣಪತ್ರವಿಲ್ಲ, ಟಿಸಿ ಬಂದಿಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆಕೆಯನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ಕೊಡಬೇಕು. ಆದರೆ ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಸೊಂಟದ ಮೇಲಿನ ಆ ತಮ್ಮ. ಅವನನ್ನು ನೋಡಿಕೊಳ್ಳುವವರು ಯಾರೆಂದು ಗೊತ್ತಾಗದೆ ಅಕ್ಕ ಶಾಲೆಗೆ ಬರಲಾರಳು. ಬಂದರೂ ವಾರದೊಳಗೆ ಬಿಡುತ್ತಾಳೆ. ಅವನಿಗೆ ಮೂರು ತುಂಬಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ಮೊದಲು ಕೇಳಿ. ತಾಯಿಯೊಂದಿಗೆ ಮಾತು ಅಲ್ಲಿಂದಲೇ ಶುರುವಾಗಲಿ.

ಉತ್ತರ 3:
ಒಂದು ವಿನಂತಿ. ಸಹಾಯ ಕೇಳುವ ಭರದಲ್ಲಿ ಆ ಮಕ್ಕಳ ಫೋಟೊ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಇಂಥ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. 1098ಕ್ಕೆ ಕರೆ ಮಾಡಿದಾಗ ಸ್ಥಳ, ಸಮಯ, ಜೊತೆಯಲ್ಲಿ ತಾಯಿ ಇದ್ದಾರೆ ಎಂಬುದನ್ನು ಸ್ಪಷ್ಟವಾಗಿ ಹೇಳಿದರೆ ಸಾಕು.